ಬಲ ತಿರುವಿನ ಭಾರ

೨ ಡಿಸೆಂಬರ್ ೨೦೨೪, ಸೋಮವಾರ

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಆಸೀನರಾಗದ ಗಣ್ಯರೇ, ಎದುರಿಗೆ ಕಿಕ್ಕಿರಿದು ನೆರೆಯದ ಮಹಾಜನಗಳೇ, ಹಾಗೂ ಬಾಗಿಲ ಬಳಿ ಮಲಗಿ ಈ ಉಪನ್ಯಾಸ ಎಂದು ಮುಗಿದೀತೆಂದು ಕಾಯುತ್ತಿರುವ ಬೆಕ್ಕೇ,

ಹಾನಗಲ್ಲಿನ ಕೊಟ್ರೇಶ ಎಂಬ ನಾಮಧೇಯದ ನಾನು, ಕನ್ನಡ ಮಾಧ್ಯಮದಲ್ಲಿ ಬಿ.ಎ. ಪದವಿಯನ್ನು ಎರಡನೆಯ ದರ್ಜೆಯಲ್ಲಿ ಗಳಿಸಿ, ಇಪ್ಪತ್ತಮೂರು ವರ್ಷಗಳಿಂದ ಅಂಗಡಿಗಳಿಗೆ ಬೋರ್ಡು, ಗಾಡಿಗಳಿಗೆ ನಂಬರು, ಟೆಂಪೋಗಳ ಬೆನ್ನಿಗೆ ಎರಡು ಸಾಲಿನ ಕಾವ್ಯ ಬರೆದು ಹೊಟ್ಟೆ ಹೊರೆದವನು. ‘ಅವಸರ ಮಾಡಿದವ ಆಸ್ಪತ್ರೆ ಪಾಲು, ನಿಧಾನ ಬಂದವಗೆ ಮನೆಯಲ್ಲಿ ಹಾಲು’ ಎಂಬ ಕೃತಿ ನನ್ನದೇ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಹನ್ನೆರಡು ಗಾಡಿಗಳ ಹಿಂದೆ ಅದು ಓಡಾಡುತ್ತಿದೆ. ಇಷ್ಟು ಪ್ರಸಾರ ಎಷ್ಟು ಕವಿಗಳಿಗೆ ಉಂಟು?

ಇಂದು ತಮ್ಮ ಮುಂದೆ ಮಂಡಿಸಲಿರುವ ಗಹನ ವಿಷಯ: ವಾಹನವು ಎಡಕ್ಕೆ ಹೊರಳುವಾಗ ಒಂದು ಬಗೆ, ಬಲಕ್ಕೆ ಹೊರಳುವಾಗ ಇನ್ನೊಂದು ಬಗೆ ನಡೆದುಕೊಳ್ಳುವುದೇಕೆ?

ಗಾಡಿಗಳ ಬೆನ್ನನ್ನಷ್ಟೇ ಬಲ್ಲವನಿಗೆ ಹೊಟ್ಟೆಯ ವಿಚಾರವೇಕೆಂದು ಸಭಿಕರು ಕೇಳಬಹುದು. ಕಾರಣವಿದೆ. ಕಳೆದ ತಿಂಗಳು ಹನ್ನೊಂದರಂದು ಆಡೂರಿನ ಹಿಟ್ಟಿನ ಗಿರಣಿಗೆ ಬೋರ್ಡು ಮುಟ್ಟಿಸಲು ನಾನೂ ನನ್ನ ಹೆಂಡತಿ ಶೇಖವ್ವನೂ ಸ್ಕೂಟರಿನ ಮೇಲೆ ಹೋಗುತ್ತಿದ್ದೆವು. ಹುಣಸೆಮರದ ಬಲ ತಿರುವಿನಲ್ಲಿ ಅವಳು ಬಿದ್ದಳು. ತಲೆಗೆ ಪೆಟ್ಟಾಗಿತ್ತು. ಹುಬ್ಬಳ್ಳಿಗೆ ಒಯ್ಯುವಾಗ ಶಿಗ್ಗಾವಿ ದಾಟುವ ಮೊದಲೇ ಮುಗಿಯಿತು. ನಲವತ್ತೊಂದು ವರ್ಷ. ಹ್ಯಾಂಡಲ್ ಬಲಕ್ಕೆ ಎಳೆದದ್ದೇ ಕಾರಣವೆಂದು ಆಸ್ಪತ್ರೆಯಲ್ಲಿ ಎಲ್ಲರ ಮುಂದೆ ಹೇಳಿದ್ದೇನೆ. ಹೇಳಿದ ಮೇಲೆ ಸಾಬೀತುಪಡಿಸಬೇಕಲ್ಲ. ಆದ್ದರಿಂದ ಈ ಸಂಶೋಧನೆ.

ಇಂದಿಗೆ ಇಪ್ಪತ್ತೊಂದು ದಿನ. ಅನ್ನ ಸೀದಿದೆ. ಬೆಕ್ಕೂ ಮೂಸಲಿಲ್ಲ.

೩ ಡಿಸೆಂಬರ್, ಮಂಗಳವಾರ

ಮಹಾಜನಗಳೇ, ಮೊದಲು ಗಾಡಿಯ ಜಾತಕ. ಇದು ಹಳೆಯ ಗೇರಿನ ಸ್ಕೂಟರು. ಇದರ ಎಂಜಿನ್ನು ನಡುವಿನಲ್ಲಿಲ್ಲ. ಹಿಂದಿನ ಗಾಲಿಯ ಬಲಗಡೆ ನೇತುಬಿದ್ದಿದೆ. ಅದಕ್ಕೆ ಸರಿತೂಕವೆಂಬಂತೆ ಎಡಹೊಟ್ಟೆಯಲ್ಲಿ ಸ್ಟೆಪ್ನಿ. ಒಂದು ಕಡೆ ಬೆಂಕಿ, ಇನ್ನೊಂದು ಕಡೆ ಗಾಳಿ. ನಡುವೆ ಸವಾರಿ ಹೊರಟ ಕೋಳಿ ನಾನು. (ಕೋಳಿ ಯಾಕೆಂದು ಕೇಳಬೇಡಿ. ಗಾಳಿಗೆ ಪ್ರಾಸವಾಗಿ ಬಂದದ್ದು.)

ಸಂತೆ ಮೈದಾನದಲ್ಲಿ ಒಬ್ಬನೇ ಓಡಿಸಿ ಅಳೆದೆ. ಕಾಲು ಊರದೆ ಎಡಕ್ಕೆ ಸುತ್ತಿದರೆ ಹನ್ನೊಂದು ಹೆಜ್ಜೆ ಅಗಲದ ವೃತ್ತ. ಬಲಕ್ಕೆ ಸುತ್ತಿದರೆ ಎಂಟೇ ಹೆಜ್ಜೆ. ಮೂರು ಸಲ ಮಾಡಿದರೂ ಅದೇ. ಅಂದರೆ ಗಾಡಿಗೆ ಬಲಗಡೆಯ ಪ್ರೀತಿ ಹೆಚ್ಚು. ನನ್ನ ವಾದ ಗೆದ್ದಿತು.

ಕಟ್ಟೆಯ ಮೇಲೆ ಕುಳಿತಿದ್ದವರೊಬ್ಬರು, “ಏನ್ರಿ ಪೇಂಟರ್, ಈ ವಯಸ್ಸಿನಾಗ ಲೈಸೆನ್ಸ್ ಪರೀಕ್ಷಾ ಕಟ್ಟೀರೇನು?” ಎಂದರು.

“ಹೌದ್ರಿ, ಫೇಲಾಗೇನಿ, ಮತ್ತ ಕುಂತೇನಿ” ಎಂದೆ. ಅವರು ನಕ್ಕರು. ಆಮೇಲೆ ನೆನಪಾಯಿತೇನೋ, ನಗು ನಿಲ್ಲಿಸಿ ಬೀಡಿ ಆರಿಸಿದರು.

ಒಂದು ತೊಡಕಿದೆ. ಹದಿನೆಂಟು ವರ್ಷ ಇದೇ ಗಾಡಿ ಬಲಕ್ಕೆ ಹೊರಳಲು ಹಠ ಮಾಡುತ್ತಿತ್ತು, ಎಡಕ್ಕೆ ಮಾತ್ರ ತಾನಾಗಿ ಬೀಳುತ್ತಿತ್ತು. ಅದು ಯಾವಾಗ ಬದಲಾಯಿತು? ಉತ್ತರವನ್ನು ನಮ್ಮೂರ ಗ್ಯಾರೇಜಿನ ಖಾದರಸಾಬನ ರಿಪೇರಿಯಲ್ಲಿ ಹುಡುಕಬೇಕು. ಅವನು ಹ್ಯಾಂಡಲಿನ ಬೇರಿಂಗು ಬದಲಿಸಿ ಕೊಟ್ಟದ್ದು ನವೆಂಬರ್ ಒಂಬತ್ತು, ಶನಿವಾರ. ಅವಳು ಬಿದ್ದದ್ದು ಸೋಮವಾರ.

೭ ಡಿಸೆಂಬರ್, ಶನಿವಾರ

ಸವಣೂರಿಗೆ ಹೋಗಿದ್ದೆ. ಎಲೆ ಅಂಗಡಿಯ ಬೋರ್ಡು ಬರೆಯುವುದಿತ್ತು. ಹಸಿರು ವೀಳ್ಯದೆಲೆಯ ಚಿತ್ರ ಬಿಡಿಸಿ, ಕೆಳಗೆ ‘ತಿಂದವರ ನಾಲಗೆ ಕೆಂಪು, ಕೊಂಡವರ ಮನಸಿಗೆ ತಂಪು’ ಎಂದು ಬರೆದೆ. ಬರೆದ ಮೇಲೆ ಹಿಂದಕ್ಕೆ ಸರಿದು ನಿಂತು “ಹೆಂಗೈತಿ?” ಎಂದೆ. ಅಂಗಡಿಯವನು “ಛಲೋ ಐತ್ರಿ” ಎಂದ. ಅವನನ್ನು ನಾನು ಕೇಳಿರಲಿಲ್ಲ.

ಶೇಖವ್ವ ಓದಿದ್ದು ಏಳನೆಯ ತರಗತಿ. ಆದರೆ ನನ್ನ ಸಾಲುಗಳಿಗೆ ಅವಳೇ ಪರೀಕ್ಷಕಿ. “ಪ್ರಾಸ ಐತಿ, ಅರ್ಥ ಇಲ್ಲ” ಎಂದು ಅರ್ಧಕ್ಕರ್ಧ ಸಾಲುಗಳನ್ನು ನಪಾಸು ಮಾಡಿದ್ದಾಳೆ.

ಅಲ್ಲಿಯ ಗ್ಯಾರೇಜೊಂದಕ್ಕೆ ಗಾಡಿ ತೋರಿಸಿದೆ. ಮೇಸ್ತ್ರಿ ಶಿದ್ಲಿಂಗಪ್ಪ ಎಂಬಾತ ಮುಂದಿನ ಗಾಲಿ ಎತ್ತಿ ಹ್ಯಾಂಡಲನ್ನು ಆಚೆ ಈಚೆ ತಿರುಗಿಸಿದ. ತಾನೇ ಓಡಿಸಿಕೊಂಡು ಹೋಗಿ ಬಂದ. ಆಮೇಲೆ ನನ್ನನ್ನು ಓಡಿಸಲು ಹೇಳಿ ಹಿಂದೆ ನಿಂತು ನೋಡಿದ.

“ಗಾಡಿ ನೆಟ್ಟಗೈತ್ರಿ. ನೀವ ವಾಲಾಕತ್ತೀರಿ.”

“ನಾನ?”

“ನಿಮ್ಮ ಬಲಭುಜ ನೋಡ್ರಿ, ಕೆಳಗೈತಿ. ಹಿಂದ ಹೆಣ್ಣಮಕ್ಕಳ್ನ ಕುಂದ್ರಿಸಿಕೊಂಡ ಓಡ್ಸಿದವ್ರು ಹಿಂಗ ಕೂಡ್ತಾರ. ಅವ್ರು ಕಾಲು ಎಡಕ್ಕ ಬಿಟ್ಟಿರ್ತಾರಲ್ರಿ, ಭಾರ ಅತ್ಲಾಗ. ನಾವು ಗೊತ್ತಿಲ್ದಂಗ ಬಲಕ್ಕ ವಾಲಿ ತೂಗಸ್ತೇವಿ. ಯಾರ ಕೂಡ್ತಿದ್ರು?”

“ಬೋರ್ಡು ಹಿಡ್ಯಾಕ ಒಬ್ರು” ಎಂದೆ.

ಮೇಸ್ತ್ರಿಗೆ ಅನುಭವ ಸಾಲದು. ಅವನ ಅಭಿಪ್ರಾಯವನ್ನು ಸಭೆ ಗಣನೆಗೆ ತೆಗೆದುಕೊಳ್ಳಬಾರದಾಗಿ ವಿನಂತಿ.

೧೨ ಡಿಸೆಂಬರ್, ಗುರುವಾರ

ಖಾದರಸಾಬ ಅಂಗಡಿಗೆ ಬಂದಿದ್ದ. ಅರವತ್ತು ದಾಟಿದ ಮನುಷ್ಯ. ನಾನು ಕಾಲೇಜಿಗೆ ಹೋಗುವಾಗಿನಿಂದ ಚಾಚಾ ಎಂದೇ ಕರೆಯುವುದು. ಒಳಗೆ ಬಾರದೆ ಹೊಸ್ತಿಲ ಹೊರಗೇ ನಿಂತ. ಮೊದಲೆಲ್ಲ ಬಂದರೆ ನನ್ನ ಸ್ಟೂಲನ್ನು ಕಾಲಿನಿಂದ ಎಳೆದುಕೊಂಡು ಕೂರುತ್ತಿದ್ದ.

“ಕೊಟ್ರೇಶ, ಒಂದ ಮಾತ ಕೇಳ್ತೇನಿ. ಹ್ಯಾಂಡಲ್ ಖರೇನ ಎಳೀತೇನು?”

“ಎಳೀತು ಚಾಚಾ.”

“ಎಷ್ಟ ಎಳೀತು?”

“ಎಳೀತು ಅಂದ್ರ ಎಳೀತು. ಅದಕ್ಕೇನ ಕಿಲೋ ಲೆಕ್ಕ ಐತೇನು?”

ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. “ಗಾಡಿ ನಿಂಗ ಕೊಡೂ ಮುಂದ ಎರಡೂ ಕೈ ಬಿಟ್ಟ ಓಡ್ಸಿ ನೋಡೇನಿ. ಈ ವಯಸ್ಸಿನಾಗ ಸರ್ಕಸ್ ಮಾಡಿದಂಗ. ಹಿಂದ ಆ ಹೆಣ್ಣಮಗಳು ಕೂಡ್ತಾಳ ಅಂತ ನಂಗ ಗೊತ್ತಿತ್ತಲ್ಲೋ” ಎಂದ.

ನಾನು ಕುಂಚ ತೊಳೆಯುತ್ತಿದ್ದೆ. ತೊಳೆದದ್ದನ್ನೇ ತೊಳೆದೆ.

“ಟೆಂಪೋ ಸ್ಟ್ಯಾಂಡಿನ ಒಂದ ಗಾಡೀನೂ ನನ್ನ ಹತ್ರ ಬರವಲ್ದು. ತಿಂಗಳಾತು. ನಿನ್ನ ಹೆಂಡ್ತಿ ತಮ್ಮ ಮೈಲಾರಿ ಎಲ್ಲಾರಿಗೂ ಹೇಳ್ಯಾನ, ಖಾದರನ ಕೈ ನಡಗತೈತಿ, ಅವ ಬಿಗಿದಿದ್ದ ಹ್ಯಾಂಡಲ್ ನಮ್ಮ ಅಕ್ಕನ ತಿಂತು ಅಂತ. ನನ್ನ ಕೈ ನಡಗೂದಿಲ್ಲ. ನೋಡು.”

ಎರಡೂ ಕೈಗಳನ್ನು ಚಾಚಿ ಹಿಡಿದ. ನಡುಗುತ್ತಿರಲಿಲ್ಲ. ಉಗುರಿನ ಸಂದಿಯಲ್ಲಿ ಗ್ರೀಸು ಕೂಡ ಇರಲಿಲ್ಲ.

“ನಾ ಏನರ ತಪ್ಪ ಮಾಡಿದ್ರ ಜೈಲಿಗೆ ಹಾಕ್ಲಿ. ಖರೇ ಹೇಳು ಅಷ್ಟ. ನೀ ಎಳೀಲಿಲ್ಲ ಅಂದ್ರ ಮಾತ ಇಲ್ಲಿಗೆ ಮುಗೀತು, ಎಳೀತು ಅಂದ್ರ ನನ್ನ ಬಾಳೇವು ಮುಗೀತು.”

ಇನ್ನೂ ಪರೀಕ್ಷೆ ನಡೆಯುತ್ತಿದೆ, ಸಂಶೋಧನೆ ಮುಗಿಯಲಿ, ಆಮೇಲೆ ಮೈಲಾರಿಗೆ ಹೇಳುತ್ತೇನೆ ಎಂದೆ. “ಏನ್ ಸಂಶೋಧನಾನೋ ಮಾರಾಯ” ಎಂದು ಅವನು ಹೊರಟುಹೋದ.

ಈಗ ಯೋಚಿಸಿದರೆ, ಅವನ ಗ್ಯಾರೇಜಿನ ಬೋರ್ಡು ನಾನೇ ಬರೆದದ್ದು. ‘ಮುರಿದದ್ದು ತನ್ನಿ, ಮುರಿಯದಂತೆ ಒಯ್ಯಿರಿ.’ ಶೇಖವ್ವ ಅದನ್ನು ಪಾಸು ಮಾಡಿದ್ದಳು.

೧೫ ಡಿಸೆಂಬರ್, ರವಿವಾರ

ಮಗಳು ಸಂಘಮಿತ್ರಾ ಬಂದಿದ್ದಳು, ಎರಡು ದಿನ. ಹಾವೇರಿಯಲ್ಲಿ ಬಿ.ಎಸ್ಸಿ. ಎರಡನೆಯ ವರ್ಷ ಓದುತ್ತಾಳೆ. ಬಂದವಳೇ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದಳು. ಎಲ್ಲ ಡಬ್ಬಿಗಳ ಮೇಲೂ ನನ್ನ ಅಕ್ಷರ: ತೊಗರಿಬೇಳೆ, ಗೋಧಿ, ‘ಸಕ್ಕರೆ: ಅಕ್ಕರೆಯಿಂದ ಬಳಸಿ’. ತೊಳೆದು ಬೇರೆ ಬೇರೆ ಜಾಗದಲ್ಲಿಟ್ಟಳು. ಈಗ ಉಪ್ಪು ಸಿಗುವುದಿಲ್ಲ.

ಸಂಜೆ ಅವಳನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೊರಟೆ. ಈಗಿನ ಮಕ್ಕಳಂತೆ ಅವಳು ಆಚೆಗೊಂದು ಈಚೆಗೊಂದು ಕಾಲು ಹಾಕಿ ಕೂತಳು. ಗಾಡಿ ಬಲಕ್ಕೆ ಬಲಕ್ಕೆ ಸರಿಯುತ್ತಿತ್ತು.

“ಅಪ್ಪಾ, ಯಾಕ ಹಿಂಗ ವಾಲಾಕತ್ತಿ? ಎದುರಿಗೆ ಲಾರಿ ಬರಾಕತ್ತೈತಿ ನೋಡು.”

“ನಾ ಅಲ್ಲವಾ, ಹ್ಯಾಂಡಲ್.”

“ಹ್ಯಾಂಡಲ್ ಅಲ್ಲಪಾ, ನೀನ.”

ಮೇಸ್ತ್ರಿ, ಮಗಳು ಇಬ್ಬರೂ ಇದನ್ನೇ ಹೇಳಿದರೆ ಪರೀಕ್ಷಿಸುವುದು ಶಾಸ್ತ್ರದ ಧರ್ಮ. ಗಾಡಿ ನಿಲ್ಲಿಸಿ, “ಎರಡೂ ಕಾಲು ಎಡಗಡೆ ಬಿಟ್ಟ ಕೂಡು, ಅವ್ವ ಕೂಡ್ತಿದ್ಲಲ್ಲ ಹಂಗ” ಎಂದೆ. ಅವಳು ನನ್ನ ಮುಖ ನೋಡಿದಳು. ಇಳಿದು, ದುಪಟ್ಟಾ ಸುತ್ತಿಕೊಂಡು, ಹಾಗೆಯೇ ಕೂತಳು. ಬಲಗೈಯನ್ನು ನನ್ನ ಭುಜದ ಮೇಲೆ ಇಟ್ಟಳು.

ಗಾಡಿ ನೆಟ್ಟಗೆ ಹೋಯಿತು. ಎಡ ತಿರುವಿನಲ್ಲಿ ತಾನಾಗಿ ಬಿತ್ತು. ಬಲ ತಿರುವಿನಲ್ಲಿ ಹಠ ಮಾಡಿತು. ಹದಿನೆಂಟು ವರ್ಷ ಹೇಗಿತ್ತೋ ಹಾಗೆ. ನಾನು ಬೇಕೆಂದೇ ಬಸ್ ಸ್ಟ್ಯಾಂಡು ದಾಟಿ ಇನ್ನೊಂದು ಸುತ್ತು ಹಾಕಿದೆ. ಮತ್ತೊಂದು ಹಾಕಿದೆ. ಪ್ರಯೋಗವೆಂದ ಮೇಲೆ ಮೂರು ಸಲವಾದರೂ ಮಾಡಬೇಕು.

ಮೂರನೆಯ ಸುತ್ತಿನಲ್ಲಿ “ನಿಲ್ಸಪಾ” ಎಂದಳು. ನಿಲ್ಲಿಸಿದೆ. ಬಸ್ ಸ್ಟ್ಯಾಂಡು ಇನ್ನೂ ದೂರವಿತ್ತು. ಬ್ಯಾಗು ಎತ್ತಿಕೊಂಡು ನಡೆದೇ ಹೋದಳು. ಕಾರಣ ಹೇಳಲಿಲ್ಲ. ಪರೀಕ್ಷೆ ಹತ್ತಿರ ಬಂದಿದೆ, ಆ ಚಿಂತೆ ಇರಬಹುದು.

೧೬ ಡಿಸೆಂಬರ್, ಸೋಮವಾರ

ಉಪ್ಪು ಸಿಕ್ಕಿತು. ಗೋಧಿಯ ಡಬ್ಬಿಯ ಹಿಂದಿತ್ತು.

೨೧ ಡಿಸೆಂಬರ್, ಶನಿವಾರ

ಹಿರೇಕೆರೂರಿಗೆ ಹೋಗಿ ಎರಡು ಟ್ರೇಲರಿಗೆ ನಂಬರು ಬರೆದು, ಅಲ್ಲಿಂದ ಮಾಸೂರಿಗೆ. ಮದಗದ ಕೆರೆಯಲ್ಲಿ ಮೀನು ಹಿಡಿಯುವ ದುರ್ಗೇಶ ಎಂಜಿನ್ನಿನ ದೋಣಿ ತಂದಿದ್ದಾನೆ. ಅದಕ್ಕೆ ಹೆಸರು ಬರೆಯಬೇಕಿತ್ತು. ದೋಣಿಯ ಮೇಲೆ ಬರೆಯುವುದು ನನಗೆ ಮೊದಲ ಸಲ. ಬೆನ್ನು ಯಾವುದು ಮುಖ ಯಾವುದು ಎಂಬುದೇ ತಿಳಿಯದ ವಾಹನ.

ಹೆಸರೇನು ಎಂದೆ. ಏನಾದರೂ ಪ್ರಾಸದ್ದು ಬರೆಯಿರಿ, ನೀವು ದೊಡ್ಡ ಕವಿ ಅಂತ ಕೇಳಿದ್ದೇನೆ ಎಂದ. ಬಹಳ ಹೊತ್ತು ಯೋಚಿಸಿದೆ. ಕೆರೆ, ತೆರೆ, ಮರೆ, ಹೊರೆ. ಒಂದೂ ಕೂಡಲಿಲ್ಲ. ಕೊನೆಗೆ ಅವನ ತಾಯಿಯ ಹೆಸರು ಕೇಳಿ ಅದನ್ನೇ ಬರೆದೆ.

“ಕೂಡ್ರಿ ಪೇಂಟರ್ ಸಾಹೇಬ್ರ, ಒಂದ ಸುತ್ತ ಹಾಕಿಸ್ತೇನಿ” ಎಂದು ನೀರಿಗೆ ಇಳಿಸಿದ. ನಡುಗೆರೆಯಲ್ಲಿ ನನ್ನ ಪ್ರಶ್ನೆ ಕೇಳಿದೆ: ಇದು ಎಡಕ್ಕೂ ಬಲಕ್ಕೂ ಒಂದೇ ಸಮ ಹೊರಳುತ್ತದೆಯೇ?

“ಎಲ್ಲೀದ್ರಿ! ಬಲಕ್ಕ ಹೊಳ್ಳು ಅನ್ನೂದ ತಡ, ಹೊಳ್ಳೇಬಿಡ್ತೈತಿ. ಎಡಕ್ಕ ಅಂದ್ರ ಮಾತ ಬಿಟ್ಟ ನೆಗೆಣ್ಣಿ ಗತೆ ಮಾರಿ ತಿರುವತೈತಿ.” ಎಂಜಿನ್ನಿನ ಹಿಡಿಯನ್ನು ನನ್ನ ಕೈಗೇ ಕೊಟ್ಟ. ನಿಜ. ಹಿಡಿ ಒಂದು ಕಡೆಗೇ ಒತ್ತುತ್ತಿತ್ತು, ಕೈ ಬಿಡಿಸಿಕೊಳ್ಳಲು ನೋಡುವ ಮಗುವಿನ ಹಾಗೆ. “ನೀರಾಗ ಫ್ಯಾನು ಒಂದ ದಿಕ್ಕಿಗೆ ತಿರಗತೈತಲ್ರಿ, ಅದರ ಎಳತ ಇದು. ಎಳತ ಇಲ್ದ ಗಾಡಿ ಯಾವ್ದೈತಿ? ಗೊತ್ತಿಟ್ಕೊಂಡ ಓಡಸ್ಬೇಕು.”

ಇದನ್ನು ಉಪನ್ಯಾಸದಲ್ಲಿ ಸೇರಿಸಬಹುದು ಎಂದು ಸಂತೋಷವಾಯಿತು. ಅಷ್ಟಕ್ಕೇ ಅವನು ಸುಮ್ಮನಿರಬೇಕಿತ್ತು.

“ಎಂಜಿನ್ ಬಿಡ್ರಿ. ಮಂದೀದು ಇನ್ನೂ ಮಜಾ. ಮೀನಿನ ಬಲಿ ಎಳಿಯೂ ಮುಂದ ನನ್ನ ತಮ್ಮ ಎಡಕ್ಕ ಕೂಡ್ತಾನ. ಅವ ನೀರಿಗೆ ಜಿಗದ್ರ, ನಾ ಅತ್ಲಾಗ ಬೆನ್ನ ಮಾಡಿ ಕುಂತಿದ್ರೂ ಗೊತ್ತಾಗತೈತಿ. ದೋಣಿ ಹಗರಾಗಿ ಇತ್ಲಾಗ ಬರತೈತಿ. ಮೊದ್ಲ ಕುಂಡಿಗೆ ಗೊತ್ತಾಗತೈತ್ರಿ, ಆಮ್ಯಾಲ ತಲಿಗೆ. ಒಬ್ರ ಭಾರ ಹೋದ್ರ ಗೊತ್ತಾಗಲಾರದ ಇರೂದ ಹೆಂಗ?”

ನನಗೆ ನೀರು ಅಭ್ಯಾಸವಿಲ್ಲ, ತಲೆ ಸುತ್ತುತ್ತಿದೆ, ದಂಡೆಗೆ ಬಿಡು ಎಂದೆ.

೨೬ ಡಿಸೆಂಬರ್, ಗುರುವಾರ

ತಿರುವನ್ನೇ ಅಳೆಯದೆ ಸಂಶೋಧನೆ ಪೂರ್ಣವಾಗದು. ಟೇಪು ತೆಗೆದುಕೊಂಡು ಆಡೂರಿನ ದಾರಿಗೆ ಹೋದೆ. ಆ ದಿನದಿಂದ ಆ ರಸ್ತೆಗೆ ಹೋಗಿರಲಿಲ್ಲ.

ಹುಣಸೆಮರದ ಬಳಿ ಈಗಲೂ ರಸ್ತೆಯ ಎಡ ಅರ್ಧದಲ್ಲಿ ಗೋವಿನಜೋಳ ಒಣಹಾಕಿದ್ದಾರೆ. ಅಂಚಿಗೆ ಸಾಲಾಗಿ ಕಲ್ಲು. ಹೋಗುವ ಗಾಡಿಗಳು ಬಲಕ್ಕೆ ಸರಿದೇ ಹೋಗಬೇಕು. ಕಾಳು ಕಾಯುತ್ತ ಕೂತಿದ್ದ ಹೆಂಗಸು ನನ್ನನ್ನು ನೋಡಿ ಎದ್ದು ನಿಂತಳು. ಮರಿಯಮಬಿ ಎಂದು ಹೆಸರಂತೆ. ಆ ದಿನವೂ ಅಲ್ಲೇ ಇದ್ದವಳು. ಅವಳ ಮುಖ ನನಗೆ ನೆನಪಿರಲಿಲ್ಲ. ನನ್ನದು ಅವಳಿಗೆ ನೆನಪಿತ್ತು.

“ಅಣ್ಣಾರ, ನೀವು ಆ ಅಕ್ಕನ ಮನಿಯವ್ರಲ್ರಿ? ನೆಳ್ಳಿಗೆ ಬರ್ರಿ, ಕುಂದರ್ರಿ. ನೀರ ಕುಡೀತೀರೇನು?”

ಕುಡಿದೆ.

“ನನ್ನ ತೊಡೀ ಮ್ಯಾಲನ ತಲಿ ಇಟ್ಕೊಂಡಿದ್ದೆ. ಎಚ್ಚರಿತ್ತು. ‘ನಮ್ಮನಿಯವ್ರು ಬರ್ತಾರ, ಗಾಡಿ ಹೊಳ್ಳಿಸಿಕೊಂಡ ಬರ್ತಾರ’ ಅಂತ ಎರಡ ಮೂರ ಸಲ ಅಂದ್ರು. ಬಣ್ಣದ ಕೈ ನನ್ನ ಸೀರಿಗೆ ಹತ್ತಿತ್ತು ಅಂತ ಅದಕ್ಕೂ ಬ್ಯಾಸರ ಮಾಡ್ಕೊಂಡ್ರು ನೋಡ್ರಿ. ಭಾಳ ಹೊತ್ತಾತು. ಎಲ್ಲಿ ಹೋಗಿದ್ರಿ ಅಣ್ಣಾರ?”

“ಆಂಬುಲೆನ್ಸ್ ಕರ್ಯಾಕ.”

“ಅದಕ್ಕ ನಮ್ಮ ಹುಡಿಗಿನ ಫೋನ್ ಮಾಡಿದ್ಲಲ್ರಿ.”

ದೋಷ ಹುಡುಕುವ ದನಿಯಲ್ಲ. ಸುಮ್ಮನೆ, ಇದ್ದದ್ದನ್ನು ಹೇಳಿದಳು. ನಾನು ಟೇಪನ್ನು ಬಿಚ್ಚಿ ಮತ್ತೆ ಸುತ್ತಿದೆ. ಅವಳು ಕಾಲಿನಿಂದ ಜೋಳ ಮಗುಚುತ್ತ ಆ ಕಡೆ ಹೋದಳು.

ತಿರುವಿನ ಅಗಲ ಬರೆದುಕೊಳ್ಳಲಿಲ್ಲ.

೩೦ ಡಿಸೆಂಬರ್, ಸೋಮವಾರ

ಮೈಲಾರಿಯ ಹೊಸ ಟೆಂಪೋ ಬಂದಿದೆ. ಬೆನ್ನಿಗೆ ಅಕ್ಕನ ಹೆಸರು, ಅದರ ಕೆಳಗೆ ಒಂದು ಸಾಲು ಬರೆಯಬೇಕಂತೆ. ಹೆಸರು ಬರೆದೆ. ಸಾಲು ಆಮೇಲೆ ಎಂದೆ.

೩ ಜನವರಿ ೨೦೨೫, ಶುಕ್ರವಾರ

ಖಾದರಸಾಬ ಗ್ಯಾರೇಜಿನ ಬೋರ್ಡು ಇಳಿಸಿದ. ಹುಬ್ಬಳ್ಳಿಯಲ್ಲಿ ಯಾರದೋ ಕೈಕೆಳಗೆ ಕೆಲಸಕ್ಕೆ ಹೋಗುತ್ತಾನಂತೆ. ಮುಂದಿನ ವಾರ ಹೊರಡುವುದು. ನಾನು ಎದುರಿನ ಚಹಾದಂಗಡಿಯಲ್ಲಿದ್ದೆ. ಅವನ ಹೆಂಡತಿ ಕುಲಸುಮಬಿ ಪಾನಾ, ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಒರೆಸಿ ಗೋಣಿಚೀಲಕ್ಕೆ ಹಾಕುತ್ತಿದ್ದಳು. ನನ್ನನ್ನು ನೋಡಿದಳು. ಸೆರಗು ಸರಿಮಾಡಿಕೊಂಡು ಮತ್ತೆ ಒರೆಸಲು ತೊಡಗಿದಳು. ಪ್ರತಿ ಹಬ್ಬಕ್ಕೂ ಶೇಖವ್ವನಿಗೆ ಸುರಕುಂಬಾ ಪಾಯಸ ಕಳಿಸುತ್ತಿದ್ದವಳು.

ಬೋರ್ಡನ್ನು ಹೊರಗೆ ಗೋಡೆಗೆ ಒರಗಿಸಿಟ್ಟಿದ್ದರು. ಬರೆದ ಕಡೆ ಗೋಡೆಗೆ.

೯ ಜನವರಿ, ಗುರುವಾರ

ಮೈಲಾರಿ ಬಂದಿದ್ದಾನೆ. ಹೊರಗೆ ಕಟ್ಟೆಯ ಮೇಲೆ ಕೂತಿದ್ದಾನೆ. ಪೆನ್ನು ತರುತ್ತೇನೆಂದು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ಅವನ ಕೈಯಲ್ಲಿ ಟೈಪು ಮಾಡಿಸಿದ ಅರ್ಜಿ ಇದೆ, ಪೊಲೀಸ್ ಠಾಣೆಗೆ. “ಚಾಚಾ ನಾಳೆ ಹುಬ್ಬಳ್ಳಿಗೆ ಹೊಂಟಾನ. ಹಂಗ ಬಿಡೂದ ಆಗೂದಿಲ್ಲ ಮಾವ. ಅಕ್ಕ ಹೋಗಿ ಎರಡ ತಿಂಗಳಾತು, ನನಗ ಒಂದ ದಿನಾನೂ ನಿದ್ದಿ ಹತ್ತಿಲ್ಲ. ನನ್ನ ಎತ್ತಿ ಆಡಿಸಿದಾಕಿ ಆಕಿ. ಓದಿ ಸಹಿ ಮಾಡ್ರಿ.”

ಓದಿದೆ. ‘ಸದರಿ ಖಾದರಸಾಬನ ದೋಷಪೂರಿತ ದುರಸ್ತಿಯಿಂದಾಗಿ ಹ್ಯಾಂಡಲ್ ಹಠಾತ್ತನೆ ಬಲಕ್ಕೆ ಎಳೆದು, ನನ್ನ ಹೆಂಡತಿಯು ಬಿದ್ದ ಕೂಡಲೇ ನಾನು ವಾಹನವನ್ನು ನಿಲ್ಲಿಸಿ’ ಎಂದಿದೆ. ‘ಕೂಡಲೇ’ ಎಂಬುದನ್ನು ಎರಡು ಸಲ ಓದಿದೆ.

“ಅವಸರೇನೈತೋ” ಎಂದೆ.

“ಅವಸರಲ್ಲ ಮಾವ. ನೀವು ಹೇಳಿದ್ದನ್ನ ಬರ್ಸೇನಿ. ಬ್ಯಾರೆ ಒಂದಕ್ಷರಾನೂ ಸೇರ್ಸಿಲ್ಲ.”

ಸೇರಿಸಿಲ್ಲ. ಎಲ್ಲ ನನ್ನ ಮಾತೇ.

ಬಾಯಿಂದ ಹೇಳಹೊರಟರೆ ನಾನು ಮತ್ತೆ ಎಂಜಿನ್ನು, ಸ್ಟೆಪ್ನಿ, ದೋಣಿಯ ಫ್ಯಾನು ಎನ್ನುತ್ತೇನೆ. ನನ್ನ ನಾಲಗೆಯನ್ನು ನಾನು ಬಲ್ಲೆ. ಆದ್ದರಿಂದ ಈ ಪುಟವನ್ನು ಹರಿದು ಅವನ ಕೈಗೆ ಕೊಡುತ್ತೇನೆ. ಇದರ ಕೆಳಗೆ ಸಹಿ ಮಾಡುತ್ತೇನೆ, ಅದರ ಕೆಳಗಲ್ಲ. ಅಧ್ಯಕ್ಷರೂ ಇಲ್ಲ, ಸಭೆಯೂ ಇಲ್ಲ. ಎರಡು ತಿಂಗಳಿಂದ ಖಾಲಿ ಮನೆಯಲ್ಲಿ ಒಬ್ಬ ಹೇಡಿ ಮಾತಾಡುತ್ತಿದ್ದ.

ಮೈಲಾರಿ, ಹ್ಯಾಂಡಲ್ ಎಳೆಯಲಿಲ್ಲ.

ರಸ್ತೆಯಲ್ಲಿ ಗೋವಿನಜೋಳ ಹರವಿದ್ದರು. ನಾನು ನಿಧಾನಿಸದೆ ಒಮ್ಮೆಲೇ ಬಲಕ್ಕೆ ಹೊರಳಿಸಿದೆ. ನಿಮ್ಮಕ್ಕನ ಎರಡೂ ಕೈಯಲ್ಲಿ ಬೋರ್ಡಿತ್ತು. ಕೊನೆಯ ಅಕ್ಷರ ಇನ್ನೂ ಹಸಿ ಇದೆ, ಸೀರೆಗೆ ತಾಗಿಸಬೇಡ, ಎರಡೂ ಕೈಯಲ್ಲಿ ಹಿಡಿ ಎಂದವನು ನಾನು. ಅವಳು ಹಿಡಿದಿದ್ದಳು. ನನ್ನನ್ನು ಹಿಡಿದಿರಲಿಲ್ಲ.

ಅವಳು ಬಿದ್ದದ್ದು ನನಗೆ ಗೊತ್ತಾಗಲಿಲ್ಲ. ಹಳೆಯ ಸೈಲೆನ್ಸರಿನ ಸದ್ದು, ಕೂಗಿದ್ದರೂ ಕೇಳಲಿಲ್ಲ. ಗೊತ್ತಾದದ್ದು ಇಷ್ಟೇ: ತಿರುವಿನಲ್ಲಿ ಗಾಡಿ ಹಗುರಾಯಿತು. ಹದಿನೆಂಟು ವರ್ಷ ಬಲಕ್ಕೆ ಹಠ ಮಾಡುತ್ತಿದ್ದದ್ದು ಬೆಣ್ಣೆಯಂತೆ ಹೊರಳಿತು. ನನಗೆ ಹಿತವಾಯಿತು. “ಚಾಚಾ ಗಾಡಿ ಛಲೋ ಮಾಡ್ಯಾನ ನೋಡು” ಎಂದು ಹಿಂದಕ್ಕೆ ಹೇಳಿದೆ. ಬೆಳಗಿನಿಂದ ಒಂದು ಎರಡನೆಯ ಸಾಲಿಗೆ ಹುಡುಕುತ್ತಿದ್ದೆ. ಆ ಹಗುರದಲ್ಲಿ ಅದು ತಾನಾಗಿ ಬಂತು. ಜೋರಾಗಿ ಹೇಳಿ ಹೆಂಗೈತಿ ಎಂದು ಕೇಳಿದೆ. ಉತ್ತರ ಬರಲಿಲ್ಲ. ನಪಾಸು ಮಾಡಿದ್ದಾಳೆ ಎಂದುಕೊಂಡೆ. ಅದಕ್ಕೆ ಸಿಟ್ಟು ಬಂದು ನಾನೂ ಮಾತಾಡಲಿಲ್ಲ. ಎರಡೂವರೆ ಕಿಲೋಮೀಟರ್.

ಗಿರಣಿಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಬೋರ್ಡಿಗೆ ಬಿಸಿಲು ಬೀಳದ ಕಡೆ ಗಾಡಿ ನಿಲ್ಲಿಸಿದೆ. ಅವಳಿಗೆ ಕಾಲು ಎಟಕಲೆಂದು ಗಾಡಿಯನ್ನು ಎಡಕ್ಕೆ ವಾಲಿಸಿ ಹಿಡಿದೆ. “ಇಳಿ” ಎಂದೆ. ಇಳಿಯಲಿಲ್ಲ. ಹಿಂದಿರುಗಿ ನೋಡದೆಯೇ ಇನ್ನೊಂದು ಸಲ, ಗದರಿಸಿ, “ಇಳಿ ಅಂದ್ನಲ್ಲ” ಎಂದೆ.